ತೊಂಬತ್ತೊಂದರ ಕಥೆಯನ್ನು ಇನ್ನು ಹೀಗೆ ಹೇಳಬಾರದು

ಪ್ರತಿ ವರ್ಷ ಜುಲೈ ಬಂತೆಂದರೆ ಪತ್ರಿಕೆಗಳ ಅಂಕಣಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ಕೇಳಿಬರುತ್ತದೆ. 1991ರ ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಲೈಸೆನ್ಸ್ ರಾಜ್ ಮುರಿದುಬಿತ್ತು. ಟೆಲಿಫೋನಿಗೆ ವರ್ಷಗಟ್ಟಲೆ ಕಾಯುತ್ತಿದ್ದ, ಸ್ಕೂಟರಿಗೆ ಹೆಸರು ಬರೆಸಿ ಕೂರುತ್ತಿದ್ದ ದೇಶ ಎದ್ದು ನಿಂತಿತು. ಬೆಂಗಳೂರು ಜಗತ್ತಿಗೆ ಪರಿಚಯವಾಯಿತು, ಕೋಟ್ಯಂತರ ಜನ ಬಡತನದಿಂದ ಮೇಲೆದ್ದರು. ಕಾಂಗ್ರೆಸ್ ಇದನ್ನು ತನ್ನ ಸಾಧನೆ ಎನ್ನುತ್ತದೆ. ಬಿಜೆಪಿ ಅದೇ ದಾರಿಯಲ್ಲಿ ಇನ್ನೂ ವೇಗವಾಗಿ ಹೋಗುತ್ತೇನೆ ಎನ್ನುತ್ತದೆ. ಅರ್ಥಶಾಸ್ತ್ರ ಓದುವ ಪದವಿ ವಿದ್ಯಾರ್ಥಿಯೂ ಇದನ್ನೇ ಉರುಹೊಡೆದು ಪರೀಕ್ಷೆಯಲ್ಲಿ ಬರೆಯುತ್ತಾನೆ.

ಕಥೆಯ ಬಿಡಿ ಸಂಗತಿಗಳಲ್ಲಿ ಹಲವು ನಿಜ. ಟೆಲಿಫೋನಿಗೆ ಕಾದದ್ದು ನಿಜ, ಒಂದು ಕಂಪ್ಯೂಟರ್ ತರಿಸಲು ಉದ್ಯಮಿಗಳು ದೆಹಲಿಗೆ ಅಲೆದದ್ದೂ ನಿಜ. ಆ ಲೈಸೆನ್ಸ್ ವ್ಯವಸ್ಥೆಯನ್ನು ಮರಳಿ ತನ್ನಿ ಎಂದು ನಾನು ಕೇಳುತ್ತಿಲ್ಲ. ನನ್ನ ತಕರಾರು ಇಡೀ ಕಥೆಯ ಬಗ್ಗೆ. ಸರ್ಕಾರ ಹಿಂದೆ ಸರಿಯಿತು, ಆದ್ದರಿಂದ ದೇಶ ಮುಂದೆ ಹೋಯಿತು ಎಂಬುದು ಅದರ ಸಾರ. ನಡೆದದ್ದು ಬೇರೆ. ಸರ್ಕಾರ ಎಲ್ಲಿಗೂ ಸರಿಯಲಿಲ್ಲ, ನಿಂತ ಕಡೆಯನ್ನು ಬದಲಿಸಿತು. ನಷ್ಟವನ್ನೂ ಅನಿಶ್ಚಿತತೆಯನ್ನೂ ಬಂಡವಾಳದ ಹೆಗಲಿನಿಂದ ಇಳಿಸಿ ಒಂದೊಂದೇ ಮನೆಯ ಹೆಗಲಿಗೆ ಹೊರಿಸುವ ಕೆಲಸವನ್ನು ಮೂವತ್ತು ವರ್ಷಕ್ಕೂ ಮೀರಿ ಬಿಡದೆ ಮಾಡುತ್ತ ಬಂತು. ಸಮಾಜ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದು ಈ ಅವಧಿಯಲ್ಲಿ ಮನೆಮನೆಯ ಪ್ರತ್ಯೇಕ ಬಿಲ್ಲುಗಳಾಗಿ ಒಡೆದುಹೋಗಿದೆ.

ಬಿಕ್ಕಟ್ಟಿನ ವಿಷಯವನ್ನು ಬೇಗ ಮುಗಿಸುತ್ತೇನೆ. 1991ರ ನಡುವಿನಲ್ಲಿ ದೇಶದ ಬಳಿ ಎರಡು ಮೂರು ವಾರದ ಆಮದಿಗೆ ಸಾಲುವಷ್ಟೇ ವಿದೇಶಿ ವಿನಿಮಯ ಉಳಿದಿತ್ತು, 47 ಟನ್ ಚಿನ್ನ ಅಡವಿಡಬೇಕಾಯಿತು. ಆದರೆ ಆ ಸ್ಥಿತಿ ತಂದದ್ದು ಪಡಿತರ ಅಂಗಡಿಯೋ ಸರ್ಕಾರಿ ಶಾಲೆಯೋ ಅಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ವಿದೇಶಿ ಬ್ಯಾಂಕುಗಳಿಂದ ಎತ್ತಿದ ಅಲ್ಪಾವಧಿ ಸಾಲ, ಕೊಲ್ಲಿ ಯುದ್ಧದಿಂದ ಏರಿದ ತೈಲದ ಬೆಲೆ, ಭಯಬಿದ್ದು ಹೊರಹೋದ ಅನಿವಾಸಿ ಠೇವಣಿ, ಇವೇ ಕಾರಣ. ಆರ್ಥಿಕ ಬೆಳವಣಿಗೆಯೂ 1991ರಲ್ಲಿ ಹುಟ್ಟಿದ್ದಲ್ಲ. ಎಂಬತ್ತರ ದಶಕದಲ್ಲೇ ಅದು ವರ್ಷಕ್ಕೆ ಸರಾಸರಿ ಶೇ 5.5ರ ಆಸುಪಾಸಿನಲ್ಲಿತ್ತು. ತೊಂಬತ್ತರ ದಶಕ ಅದಕ್ಕಿಂತ ಹೆಚ್ಚೇನೂ ಮೇಲೆ ಹೋಗಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ತೊಂಬತ್ತೊಂದರ ಆ ಕಥೆಯ ಮುಖ್ಯ ಸಾಕ್ಷಿಯಾಗಿ ಎಲ್ಲರೂ ತಂದು ನಿಲ್ಲಿಸುವುದು ಈ ಊರನ್ನೇ.

ಭಾರತೀಯ ವಿಜ್ಞಾನ ಸಂಸ್ಥೆ ಇಲ್ಲಿಗೆ ಬಂದದ್ದು 1909ರಲ್ಲಿ, ಮೈಸೂರು ಸಂಸ್ಥಾನ ಕೊಟ್ಟ ಭೂಮಿಯ ಮೇಲೆ. ಇಂದಿನ ಯು.ವಿ.ಸಿ.ಇ. 1917ರದು. ಹಿಂದೂಸ್ತಾನ್ ಏರ್‌ಕ್ರಾಫ್ಟ್ 1940, ಐ.ಟಿ.ಐ. 1948, ಎಚ್.ಎಂ.ಟಿ. 1953, ಬಿ.ಇ.ಎಲ್. 1954. ಇಸ್ರೋ ಇಲ್ಲಿ ನೆಲೆಯೂರಿತು. ರಾಜ್ಯ ಸರ್ಕಾರ 1976ರಲ್ಲಿ ಕಿಯೋನಿಕ್ಸ್ ಎಂಬ ಎಲೆಕ್ಟ್ರಾನಿಕ್ಸ್ ನಿಗಮ ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡು ಅದಕ್ಕೆ ಅಡಿಪಾಯ ಹಾಕಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ, ಉದಾರೀಕರಣಕ್ಕೆ ಆರು ವರ್ಷ ಮೊದಲು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳನ್ನು ಕಟ್ಟಿ ಉಪಗ್ರಹ ಸಂಪರ್ಕ ಒದಗಿಸಿದ್ದು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ವರ್ಷಾನುಗಟ್ಟಲೆ ಆದಾಯ ತೆರಿಗೆ ವಿನಾಯಿತಿ ಕೊಟ್ಟದ್ದೂ ಸರ್ಕಾರವೇ.

ಇಷ್ಟೆಲ್ಲ ಸಾರ್ವಜನಿಕ ಹಣ, ಭೂಮಿ, ಶಿಕ್ಷಣ, ಎಂಟು ದಶಕಗಳ ತಾಳ್ಮೆ ಸೇರಿ ಬೆಂಗಳೂರು ಆಯಿತು. ಫಸಲು ಬಂದ ಕಾಲಕ್ಕೆ ಶ್ರೇಯವೆಲ್ಲ ಮಾರುಕಟ್ಟೆಗೆ ಹೋಯಿತು. ಬಿತ್ತಿದ ಸಂಸ್ಥೆಗಳ ಗತಿ ಏನಾಯಿತು? ರಾಜ್ಯ ಸರ್ಕಾರದ ಎನ್.ಜಿ.ಇ.ಎಫ್. ಕಾರ್ಖಾನೆ ಮುಚ್ಚಿತು. ಐ.ಟಿ.ಐ. ಸೊರಗಿತು. ಎಚ್.ಎಂ.ಟಿ. ವಾಚ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನಂಥ ಊರಿನಲ್ಲಿ ಒಂದು ತಲೆಮಾರಿಗೆ ಕಾಯಂ ಸಂಬಳ, ಕ್ವಾರ್ಟರ್ಸು, ಮಕ್ಕಳ ಓದು ಎಲ್ಲವನ್ನೂ ಕೊಟ್ಟಿದ್ದ ಕಾರ್ಖಾನೆ ಅದು. ಬಿ.ಎಸ್.ಎನ್.ಎಲ್.ಗೆ ಖಾಸಗಿ ಕಂಪನಿಗಳ ಜೊತೆಯಲ್ಲೇ 4ಜಿ ತರಂಗಾಂತರ ಕೊಡಲಿಲ್ಲ. ಆಮೇಲೆ ಅದು ಸ್ಪರ್ಧೆಯಲ್ಲಿ ಸೋತಿತು ಎಂದರು. 2019ರಲ್ಲಿ ತಂದ ಸ್ವಯಂ ನಿವೃತ್ತಿ ಯೋಜನೆಯ ಹೆಸರಲ್ಲಿ ಸುಮಾರು 78 ಸಾವಿರ ನೌಕರರನ್ನು ಮನೆಗೆ ಕಳಿಸಿದರು. ಕೈಕಾಲು ಕಟ್ಟಿ ಓಟಕ್ಕೆ ಬಿಟ್ಟು, ಇವನಿಗೆ ಓಡಲು ಬಾರದು ಎಂದು ತೀರ್ಪು ಕೊಟ್ಟ ಹಾಗೆ ಇದು.

ಭದ್ರಾವತಿಯದು ಇದಕ್ಕಿಂತ ಘೋರ. ವಿಶ್ವೇಶ್ವರಯ್ಯನವರ ಕನಸಿನ ಕೂಸಾದ ಕಬ್ಬಿಣ ಕಾರ್ಖಾನೆ 1918ರಷ್ಟು ಹಿಂದಿನದು. ಅದು ನಷ್ಟಕ್ಕೆ ಬಿದ್ದದ್ದೇಕೆ ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಮುಖ್ಯವಾದದ್ದು, ಅದಕ್ಕೆ ಸ್ವಂತ ಅದಿರು ಗಣಿ ಇಲ್ಲ ಎಂಬುದು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಏನು ನಡೆಯುತ್ತಿತ್ತು? 1993ರ ರಾಷ್ಟ್ರೀಯ ಖನಿಜ ನೀತಿ ಕಬ್ಬಿಣದ ಅದಿರನ್ನು ಖಾಸಗಿಯವರಿಗೆ ತೆರೆಯಿತು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತನಗಾಗಿ ಕಾದಿರಿಸಿಕೊಂಡಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಬಿಟ್ಟುಕೊಟ್ಟಿತು. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಟನ್ನಿಗೆ ಸಾವಿರಗಳ ಲೆಕ್ಕಕ್ಕೆ ಏರಿದಾಗಲೂ, 2009ರವರೆಗೆ ಸರ್ಕಾರ ಪಡೆಯುತ್ತಿದ್ದ ರಾಯಲ್ಟಿ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಸಂಡೂರಿನ ಗುಡ್ಡಗಳು ಹಗಲುರಾತ್ರಿ ಲಾರಿಗಳಲ್ಲಿ ಬೇಲೆಕೇರಿ, ಕೃಷ್ಣಪಟ್ಟಣಂ ಬಂದರುಗಳಿಗೆ ಹೋದವು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಸಲ್ಲಿಸಿದ ವರದಿ, 16,085 ಕೋಟಿ ರೂಪಾಯಿ ಬೊಕ್ಕಸಕ್ಕೆ ನಷ್ಟವಾಗಿದೆ ಎಂದು ಲೆಕ್ಕ ಹಾಕಿತು. ಕಳ್ಳತನದ ಭಾಗವನ್ನು ನಾವೆಲ್ಲ ಖಂಡಿಸಿದೆವು. ಆದರೆ ಕಾನೂನುಬದ್ಧವಾಗಿಯೇ ಟನ್ನಿಗೆ 27 ರೂಪಾಯಿಗೆ ನಾಡಿನ ಒಡಲನ್ನು ಕೊಟ್ಟ ನೀತಿಯನ್ನು ಯಾರೂ ಕಟಕಟೆಗೆ ಎಳೆಯಲಿಲ್ಲ. ಆ ಹಣ ನಮ್ಮ ರಾಜಕಾರಣಕ್ಕೆ ನುಗ್ಗಿ ಶಾಸಕರ ಬೆಲೆ ನಿಗದಿ ಮಾಡಿದ್ದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಅದಿರಿನ ನಾಡಿನಲ್ಲಿದ್ದೂ ಅದಿರಿಲ್ಲದೆ ಒಣಗಿದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ನಿರ್ಧಾರವಾಯಿತು.

ಬ್ಯಾಂಕುಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕರಾವಳಿ ಕರ್ನಾಟಕ ಭಾರತದ ಬ್ಯಾಂಕುಗಳ ತವರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಅದರ ಏಜೆಂಟ್ ದಿನಾ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆ ಒಯ್ಯುತ್ತಿದ್ದ. ನೇಕಾರರು, ಮೀನುಗಾರರು, ಬೀಡಿ ಕಟ್ಟುವವರು ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲೇ ಬ್ಯಾಂಕು ಅವರ ಬಳಿಗೆ ನಡೆದು ಬಂದಿತ್ತು. 1969 ಮತ್ತು 1980ರ ರಾಷ್ಟ್ರೀಕರಣದ ಬಳಿಕ ಶಾಖೆಗಳು ಹಳ್ಳಿಹಳ್ಳಿಗೆ ಹೋದವು. ಅದರಲ್ಲಿ ರಾಜಕೀಯ ಹಸ್ತಕ್ಷೇಪ ಇತ್ತು, ಸಾಲಮೇಳಗಳ ದುಂದು ಇತ್ತು. ಆದರೂ ಬಡ್ಡಿ ಸಾಹುಕಾರನ ಹಿಡಿತ ಸಡಿಲಿಸಿದ್ದು ಆ ಶಾಖೆಗಳೇ.

1991ರಲ್ಲಿ ಬಂದ ನರಸಿಂಹಂ ಸಮಿತಿ ಕೃಷಿ, ಸಣ್ಣ ಉದ್ಯಮಗಳಿಗೆ ಮೀಸಲಾದ ಆದ್ಯತಾ ಸಾಲವನ್ನು ಶೇ 40ರಿಂದ ಶೇ 10ಕ್ಕೆ ಇಳಿಸಬೇಕೆಂದಿತು. ಅದು ಹಾಗೆಯೇ ಜಾರಿಯಾಗಲಿಲ್ಲ. ಆದ್ಯತೆಯ ವ್ಯಾಖ್ಯೆಯನ್ನೇ ಸಡಿಲಿಸಿ ದೊಡ್ಡವರೂ ಅದರೊಳಗೆ ಬರುವಂತೆ ಮಾಡಲಾಯಿತು. ಮುಂದಿನ ವರ್ಷಗಳಲ್ಲಿ ದೇಶದ ಗ್ರಾಮೀಣ ಶಾಖೆಗಳ ಸಂಖ್ಯೆ ಏರುವ ಬದಲು ಇಳಿಯಿತು. ಕಡೆಗೆ ನಮ್ಮ ಬ್ಯಾಂಕುಗಳೇ ಇಲ್ಲವಾದವು: 1913ರ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಕರಗಿಹೋದವು.

ಬ್ಯಾಂಕು ಬಿಟ್ಟುಹೋದ ಜಾಗಕ್ಕೆ ಮೈಕ್ರೋಫೈನಾನ್ಸ್ ಬಂತು. ಹೆಂಗಸರ ಗುಂಪು, ವಾರದ ಕಂತು, ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ. 2022ರ ಏಪ್ರಿಲ್‌ನಿಂದ ಈ ಕಂಪನಿಗಳ ಬಡ್ಡಿಗೆ ಇದ್ದ ಮಿತಿಯನ್ನು ರಿಸರ್ವ್ ಬ್ಯಾಂಕ್ ತೆಗೆದುಹಾಕಿತು. ಮೂರು ವರ್ಷ ತುಂಬುವಷ್ಟರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ರಾತ್ರೋರಾತ್ರಿ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ಸಾಲುಗಟ್ಟಿದವು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಕಾಲದಲ್ಲಿ ಉಳಿತಾಯ ಸಂಗ್ರಹಿಸಲು ಬರುತ್ತಿದ್ದ ಏಜೆಂಟ್ ನಿಂತ ಬಾಗಿಲಲ್ಲೇ ಈಗ ಅವಮಾನ ಮಾಡಿ ವಸೂಲಿ ಮಾಡುವವನು ನಿಂತಿದ್ದಾನೆ. ಅದೇ ವೇಳೆ ಬ್ಯಾಂಕುಗಳು ಹತ್ತು ವರ್ಷಗಳಲ್ಲಿ 16 ಲಕ್ಷ ಕೋಟಿ ರೂಪಾಯಿಗೂ ಹೆಚ್ಚಿನ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿವೆ ಎಂದು ಸಂಸತ್ತಿಗೆ ಸರ್ಕಾರವೇ ತಿಳಿಸಿದೆ. ಅದರಲ್ಲಿ ದೊಡ್ಡ ಪಾಲು ದೊಡ್ಡ ಉದ್ಯಮಗಳದು. ಇದು ಮನ್ನಾ ಅಲ್ಲ, ಲೆಕ್ಕಪತ್ರದ ಕ್ರಮ ಎನ್ನುತ್ತಾರೆ. ಹಾಗಾದರೆ ಆ ಹಣದಲ್ಲಿ ಮರಳಿ ಬಂದದ್ದು ಸಣ್ಣ ಪಾಲು ಮಾತ್ರ ಏಕೆ? ಮೂವತ್ತು ಸಾವಿರಕ್ಕೆ ನೇಣಿಗೆ ಹೋಗಬೇಕಾದ ಹೆಂಗಸಿಗೆ ಅಂಥದೊಂದು ಲೆಕ್ಕಪತ್ರದ ಕ್ರಮ ಏಕೆ ಇಲ್ಲ?

ಪೇಟೆಯಲ್ಲಿ ಕೆಲಸ ಸಿಕ್ಕಿತಲ್ಲ ಎನ್ನುವವರಿಗಾಗಿ ಗಾರ್ಮೆಂಟ್ಸ್ ಹೆಂಗಸರ ಮಾತು ಹೇಳಬೇಕು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಈಗ ಮದ್ದೂರು, ರಾಮನಗರದವರೆಗೂ ಹಬ್ಬಿರುವ ಈ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಜಗತ್ತಿನ ದೊಡ್ಡ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿಯುತ್ತಾರೆ. ಇವರಲ್ಲಿ ಬಹುಪಾಲು ಕೃಷಿ ಕುಸಿದ ಮನೆಗಳಿಂದ ಬಂದವರು. ಅದೇ ರಾಮನಗರದಲ್ಲಿ 2011ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ನೆಲಕಚ್ಚಿತ್ತು. ಹಿಪ್ಪುನೇರಳೆ ಕಿತ್ತುಹಾಕಿದ ಮನೆಯ ಮಗಳು ಬಸ್ಸು ಹತ್ತಿ ಹೊಲಿಗೆ ಯಂತ್ರದ ಮುಂದೆ ಕೂರುವುದನ್ನು ಪ್ರಗತಿಯ ಅಂಕಿಅಂಶವಾಗಿ ಓದುವ ಅರ್ಥಶಾಸ್ತ್ರ ನನಗೆ ಒಪ್ಪಿಗೆಯಾಗುವುದಿಲ್ಲ.

2016ರ ಏಪ್ರಿಲ್ 18ರಂದು ಈ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಮರುದಿನ ಜಾಲಹಳ್ಳಿ, ಪೀಣ್ಯದ ಕಡೆಗೂ ಅದು ಹಬ್ಬಿತು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ನಗರದ ಮಧ್ಯಮ ವರ್ಗಕ್ಕೆ ಇದು ಅರ್ಥವಾಗಲಿಲ್ಲ. ಮುಪ್ಪಿಗೆ ಹಣ ಉಳಿದರೆ ಒಳ್ಳೆಯದೇ ಅಲ್ಲವೆ ಎಂದು ಟ್ರಾಫಿಕ್ಕಿನಲ್ಲಿ ಸಿಲುಕಿ ಕೇಳಿದರು. ಆ ಹೆಂಗಸರಿಗೆ ಮಾತ್ರ ಸತ್ಯ ಗೊತ್ತಿತ್ತು. ಅವರ ಕಣ್ಣು, ಬೆನ್ನು, ಮಂಡಿ ಆ ಯಂತ್ರದ ಮುಂದೆ 58ರವರೆಗೆ ಉಳಿಯುವುದಿಲ್ಲ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಕೊಡಬೇಕಾಗುತ್ತದೆಂದು ಅದಕ್ಕೆ ಮೊದಲೇ ರಾಜೀನಾಮೆ ಬರೆಸಿಕೊಂಡು ಹೊಸದಾಗಿ ಸೇರಿಸಿಕೊಳ್ಳುವುದು ಆ ವಲಯದಲ್ಲಿ ಹೊಸದೇನಲ್ಲ. ಮಗಳ ಕಾಲೇಜಿನ ಫೀಸು, ಮನೆಯ ಅಡ್ವಾನ್ಸು, ಗಂಡನ ಆಸ್ಪತ್ರೆ ಖರ್ಚು, ಎಲ್ಲಕ್ಕೂ ಇದ್ದದ್ದು ಆ ಪಿ.ಎಫ್. ಒಂದೇ. ಪೊಲೀಸರ ಲಾಠಿ, ಅಶ್ರುವಾಯು ಬಂತು. ಬಸ್ಸುಗಳು ಸುಟ್ಟವು. 19ರ ಸಂಜೆ ಕೇಂದ್ರ ಆ ನಿಯಮ ಕೈಬಿಟ್ಟಿತು. ಇಡೀ ದೇಶದ ಕಾರ್ಮಿಕರಿಗೆ ಎರಡೇ ದಿನದಲ್ಲಿ ಈ ಉಪಕಾರ ಮಾಡಿಕೊಟ್ಟವರಿಗೆ ಉಳಿದದ್ದು ಪೊಲೀಸ್ ಕೇಸು. ಏಳು ವರ್ಷದ ಬಳಿಕ, 2023ರ ಫೆಬ್ರುವರಿಯಲ್ಲಿ, ನಮ್ಮ ವಿಧಾನಮಂಡಲ ಕಾರ್ಖಾನೆಯ ದಿನದ ದುಡಿಮೆಯನ್ನು 12 ತಾಸಿನವರೆಗೆ ವಿಸ್ತರಿಸಲು ಅವಕಾಶ ಕೊಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು.

ಶಿಕ್ಷಣದಲ್ಲಿ ಆದ ಪಲ್ಲಟಕ್ಕೆ ಎರಡು ತೀರ್ಪುಗಳು ಸಾಕ್ಷಿ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದ ತಕರಾರು ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ಸೀಟಿಗೆ 2 ಸಾವಿರ, ಹೊರರಾಜ್ಯದವರಿಗೆ 60 ಸಾವಿರ ರೂಪಾಯಿ ಎಂಬ ವ್ಯವಸ್ಥೆ ಅದು. 1992ರ ಜುಲೈಯಲ್ಲಿ ನ್ಯಾಯಾಲಯ ಶಿಕ್ಷಣ ನಾಗರಿಕನ ಹಕ್ಕು, ಕ್ಯಾಪಿಟೇಷನ್ ಶುಲ್ಕ ಸಂವಿಧಾನಬಾಹಿರ ಎಂದಿತು. ಹತ್ತು ವರ್ಷ ಕಳೆಯಿತು. 2002ರ ಅಕ್ಟೋಬರ್ 31ರಂದು, ಮತ್ತೆ ಕರ್ನಾಟಕದಿಂದಲೇ ಹೋದ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ, 11 ನ್ಯಾಯಮೂರ್ತಿಗಳ ಪೀಠ ಶಿಕ್ಷಣ ಸಂಸ್ಥೆ ನಡೆಸುವುದೂ ಒಂದು ವೃತ್ತಿ, ಅನುದಾನವಿಲ್ಲದ ಸಂಸ್ಥೆ ತನ್ನ ಶುಲ್ಕ ತಾನೇ ನಿಗದಿ ಮಾಡಿ ನ್ಯಾಯೋಚಿತ ಮಿಗತೆ ಇಟ್ಟುಕೊಳ್ಳಬಹುದು ಎಂದಿತು. ಇಂದು ಕೂಲಿಯವನೂ ಮಗುವನ್ನು ಸರ್ಕಾರಿ ಶಾಲೆಯಿಂದ ಬಿಡಿಸಿ ಸಾಲ ಮಾಡಿ ಕಾನ್ವೆಂಟಿಗೆ ಸೇರಿಸುತ್ತಾನೆ. ಇತ್ತ ಮಕ್ಕಳಿಲ್ಲ ಎಂಬ ಕಾರಣ ಕೊಟ್ಟು ಸರ್ಕಾರಿ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸುತ್ತಾರೆ. ಸಾಹುಕಾರನ ಮಗ, ಜೀತದವನ ಮಗ ಒಂದೇ ಬೆಂಚಿನಲ್ಲಿ ಕೂತಿದ್ದ ಊರ ಶಾಲೆ ಈ ನಾಡಿನಲ್ಲಿ ಜಾತಿಯನ್ನು ಕೊಂಚವಾದರೂ ಅಲುಗಿಸಿದ ಜಾಗವಾಗಿತ್ತು. ಅದನ್ನು ಕಳೆದುಕೊಂಡದ್ದರ ಲೆಕ್ಕ ಯಾವ ಜಿ.ಡಿ.ಪಿ.ಯಲ್ಲೂ ಬರುವುದಿಲ್ಲ.

ಜಾತಿಯ ಮಾತು ಬಂದದ್ದರಿಂದ ಇದನ್ನೂ ಹೇಳಲೇಬೇಕು. ಮಂಡಲ್ ವರದಿ ಜಾರಿಯ ಘೋಷಣೆ 1990ರ ಆಗಸ್ಟಿನಲ್ಲಿ. ಹಿಂದುಳಿದ ವರ್ಗಗಳ ಶೇ 27 ಮೀಸಲಾತಿಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 1992ರ ನವೆಂಬರ್ 16ರಂದು. ಹಾವನೂರು ವರದಿಯ ನಾಡಿನ ಹಿಂದುಳಿದವರಿಗೂ ಕೇಂದ್ರದ ಉದ್ಯೋಗಗಳ ಬಾಗಿಲು ತೆರೆದ ಹೊತ್ತಿಗೆ ಸರಿಯಾಗಿ ಒಳಗಿದ್ದ ಕುರ್ಚಿಗಳನ್ನು ತೆಗೆಯಲು ಶುರುಮಾಡಿದರು. ಸಂಘಟಿತ ಸಾರ್ವಜನಿಕ ವಲಯದ ಉದ್ಯೋಗ 1997ರಲ್ಲಿ 1.95 ಕೋಟಿ ಇದ್ದದ್ದು 2012ಕ್ಕೆ 1.76 ಕೋಟಿಗೆ ಇಳಿದಿತ್ತು. ಕೆಲಸ ಇಲ್ಲವಾಗಲಿಲ್ಲ, ಗುತ್ತಿಗೆಗೆ ಹೋಯಿತು. ಗುತ್ತಿಗೆಯಲ್ಲಿ ಮೀಸಲಾತಿ ಇರಲಿಲ್ಲ, ಪಿಂಚಣಿ ಇರಲಿಲ್ಲ. ಬೆಂಗಳೂರಿನ ಬೀದಿ ಗುಡಿಸುವ ದಲಿತ ಹೆಂಗಸರು ತಮ್ಮನ್ನು ಕಾಯಂ ಮಾಡಿ ಎಂದು 2022ರ ಜುಲೈಯಲ್ಲೂ ಮುಷ್ಕರ ಹೂಡಬೇಕಾಯಿತು.

ಬಡತನ ಇಳಿಯಿತಲ್ಲ ಎಂಬ ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಇಳಿದಿದೆ. ಆದರೆ ಅದನ್ನು ಇಳಿಸಲು ಮಾರುಕಟ್ಟೆಯೊಂದೇ ಸಾಕಾಗಿದ್ದರೆ 2005ರ ಉದ್ಯೋಗ ಖಾತರಿ ಕಾಯ್ದೆ, 2013ರ ಆಹಾರ ಭದ್ರತಾ ಕಾಯ್ದೆ, ನಮ್ಮ ಅನ್ನಭಾಗ್ಯ ಏಕೆ ಬೇಕಾದವು? ಇಂದು 80 ಕೋಟಿ ಜನರಿಗೆ ಉಚಿತ ಧಾನ್ಯ ಕೊಡುತ್ತಿದ್ದೇವೆ ಎಂದು ಕೇಂದ್ರ ಸರ್ಕಾರ ಹೆಮ್ಮೆಯಿಂದ ಹೇಳುತ್ತದೆ. ಮೂರು ದಶಕದ ಬೆಳವಣಿಗೆಯ ನಂತರವೂ ದುಡಿಯುವವರಲ್ಲಿ ಶೇ 45ರ ಆಸುಪಾಸು ಜನ ಕೃಷಿಯಲ್ಲೇ ಇದ್ದಾರೆ, ರಾಷ್ಟ್ರೀಯ ಆದಾಯದಲ್ಲಿ ಅವರಿಗೆ ಸಿಗುವುದು ಐದನೇ ಒಂದು ಭಾಗಕ್ಕೂ ಕಡಿಮೆ. ತಯಾರಿಕಾ ವಲಯದ ಪಾಲು 1991ರಲ್ಲಿ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲೇ ಇದೆ. ಮೇಲಿನ ಶೇ 1 ಜನರ ಬಳಿ ದೇಶದ ಸಂಪತ್ತಿನ ಶೇ 40, ಆದಾಯದ ಶೇ 22ಕ್ಕೂ ಹೆಚ್ಚು ಸೇರಿದೆ. ಆದಾಯದ ಅಂತರ ಬ್ರಿಟಿಷರ ಕಾಲಕ್ಕಿಂತ ಹೆಚ್ಚಿದೆ ಎಂದು ಪ್ಯಾರಿಸಿನ ವಿಶ್ವ ಅಸಮಾನತೆ ಪ್ರಯೋಗಾಲಯದ 2024ರ ಅಧ್ಯಯನ ಹೇಳಿತು. ಇಂಥ ದೇಶದಲ್ಲಿ ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ರದ್ದು ಮಾಡಲಾಯಿತು. 2019ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟ್ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿ, ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಬಿಟ್ಟುಕೊಟ್ಟೆವು ಎಂದು ಸರ್ಕಾರವೇ ಹೇಳಿತು. ಅದನ್ನು ಎಲ್ಲರೂ ಉತ್ತೇಜನ ಎಂದು ಕೊಂಡಾಡಿದರು. 2023ರ ಜೂನ್‌ನಲ್ಲಿ ಕರ್ನಾಟಕದ ಹೆಂಗಸರು ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡದೆ ಓಡಾಡಲು ಆರಂಭಿಸಿದಾಗ ಅದೇ ಜನ ಬಿಟ್ಟಿ ಭಾಗ್ಯ ಎಂದು ಹೀಯಾಳಿಸಿದರು, ರಾಜ್ಯ ದಿವಾಳಿಯಾಗುತ್ತದೆ ಎಂದರು.

ಈ ದಾರಿಯನ್ನು ಆರಂಭದಲ್ಲೇ ಪ್ರಶ್ನಿಸಿದವರೂ ಇದ್ದರು. 1992ರ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬಹುರಾಷ್ಟ್ರೀಯ ಬೀಜ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದು ಸುಟ್ಟರು. ಆ ವಿಧಾನವನ್ನು ನಾನು ಒಪ್ಪುವುದಿಲ್ಲ. ಆದರೆ ಬೀಜ, ಬೆಲೆ, ಮಾರುಕಟ್ಟೆ ಮೂರೂ ರೈತನ ಕೈತಪ್ಪುತ್ತವೆ ಎಂದು ಅವರು ಎತ್ತಿದ ಪ್ರಶ್ನೆಯನ್ನು ಅಭಿವೃದ್ಧಿ ವಿರೋಧಿಗಳ ಕೂಗಾಟ ಎಂದು ತಳ್ಳಿಹಾಕಿದ ನಮ್ಮ ವಿದ್ಯಾವಂತ ವರ್ಗ ಆಮೇಲೆ ಎಂದೂ ಅದಕ್ಕೆ ಉತ್ತರ ಕೊಡಲಿಲ್ಲ. ಮುಂದಿನ ವರ್ಷಗಳಲ್ಲಿ ರೈತರ ಆತ್ಮಹತ್ಯೆಯ ಪಟ್ಟಿಯಲ್ಲಿ ಕರ್ನಾಟಕ ಹಲವು ಬಾರಿ ಮಹಾರಾಷ್ಟ್ರದ ನಂತರದ ಸ್ಥಾನದಲ್ಲಿ ನಿಂತಿತು.

ಕೇಳಬೇಕಾದ್ದನ್ನು ಈಗಲಾದರೂ ಕೇಳೋಣ. ಸಂಪತ್ತಿನ ಮೇಲೆ ತೆರಿಗೆ ಮರಳಿ ಬರಲಿ. ಸಣ್ಣ ಸಾಲದ ಬಡ್ಡಿಗೆ ಮಿತಿ ಇರಲಿ, ಸರ್ಕಾರಿ ಬ್ಯಾಂಕಿನ ಶಾಖೆ ಹಳ್ಳಿಗೆ ಹಿಂದಿರುಗಲಿ. ಕರ್ನಾಟಕ ಸರ್ಕಾರದ ಇಲಾಖೆಗಳಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂಜೂರಾದ ಹುದ್ದೆಗಳು ಖಾಲಿ ಇವೆ: ಶಾಲೆಯ ಮೇಷ್ಟ್ರು, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು, ಗ್ರಾಮ ಆಡಳಿತಾಧಿಕಾರಿ. ಅವನ್ನು ಗುತ್ತಿಗೆಯಲ್ಲಿ ತುಂಬದೆ ಕಾಯಂ ಆಗಿ, ಮೀಸಲಾತಿಯೊಂದಿಗೆ ತುಂಬಿ ಎಂದು ಮುಂದಿನ ಚುನಾವಣೆಯಲ್ಲಿ ಮನೆಬಾಗಿಲಿಗೆ ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಕೇಳಿ. ಹಣ ಇಲ್ಲ ಎಂದರೆ ಆ 1.45 ಲಕ್ಷ ಕೋಟಿಯ ಲೆಕ್ಕ ಕೇಳಿ.